ಹಳೆಯ ಫೋಟೊ, ಹಳೆಯ ಕಾಗದ ಮತ್ತು ಊರವರ ಮಾತು: ಸಂಗ್ರಹಗಳ ವಿವರಣೆಯಲ್ಲಿ ಸಾರ್ವಜನಿಕರ ಪಾಲಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಅಂಕೋಲಾ, ಶಿರಸಿ ಭಾಗದ ಹಳೆಯ ಫೋಟೊ, ಪತ್ರ, ರಿಜಿಸ್ಟರು, ಪತ್ರಿಕೆಗಳನ್ನು ಗುರುತಿಸಿ ವಿವರ ಬರೆಯುವ ಕೆಲಸಕ್ಕೆ ನಾವು ಊರವರನ್ನು ಕರೆಯುತ್ತಿದ್ದೇವೆ. ಬಂದವರು ಕೇಳಿದ ಪ್ರಶ್ನೆಗಳನ್ನೂ, ಬರಲು ಹಿಂಜರಿದವರು ಬೇರೆಯವರ ಮೂಲಕ ಕೇಳಿಸಿದ ಪ್ರಶ್ನೆಗಳನ್ನೂ ಇಲ್ಲಿ ಒಟ್ಟು ಮಾಡಿ ಉತ್ತರಿಸಿದ್ದೇವೆ.

ಸಂಗ್ರಹದ ವಿವರಣೆ ಎಂದರೇನು? ಪಟ್ಟಿ ಮಾಡಿದರೆ ಸಾಲದೇ?

ಪಟ್ಟಿಯು ಒಂದು ವಸ್ತು ನಮ್ಮಲ್ಲಿ ಇದೆ ಎಂದಷ್ಟೇ ಹೇಳುತ್ತದೆ. ಅದು ಏನು, ಯಾರದ್ದು, ಯಾವ ಕಾಲದ್ದು, ಯಾರ ಕೈಯಿಂದ ನಮ್ಮ ಕೈಗೆ ಬಂತು, ಅದರಲ್ಲಿ ಯಾವ ಊರು ಯಾವ ಕೆಲಸ ಕಾಣುತ್ತದೆ ಎಂಬುದನ್ನು ವಿವರಣೆ ಹೇಳುತ್ತದೆ. ಮುದ್ರಿತ ಪುಸ್ತಕದ ಮಟ್ಟಿಗೆ ಈ ಕೆಲಸ ಸುಲಭ. ಶೀರ್ಷಿಕೆ, ಲೇಖಕರು, ಪ್ರಕಾಶಕರು, ವರ್ಷ ಎಲ್ಲವೂ ಒಳಪುಟದಲ್ಲೇ ಅಚ್ಚಾಗಿರುತ್ತವೆ. ಫೋಟೊಕ್ಕೆ ಒಳಪುಟವಿಲ್ಲ, ಪತ್ರಕ್ಕೆ ಶೀರ್ಷಿಕೆಯಿಲ್ಲ. "ಗುಂಪು ಫೋಟೊ, ಎಂಟು ಜನ" ಎಂದು ದಾಖಲಾದ ಚಿತ್ರವನ್ನು ಹುಡುಕಿಕೊಂಡು ಯಾರೂ ಬರುವುದಿಲ್ಲ, ಏಕೆಂದರೆ ಯಾರೂ "ಗುಂಪು" ಎಂಬ ಪದ ಹಾಕಿ ತಮ್ಮ ಅಜ್ಜನನ್ನು ಹುಡುಕುವುದಿಲ್ಲ.

ಗ್ರಂಥಪಾಲಕರು, ಇತಿಹಾಸದ ಪ್ರಾಧ್ಯಾಪಕರು ಇರುವಾಗ ನಮ್ಮಂಥವರನ್ನು ಏಕೆ ಕೇಳುತ್ತೀರಿ?

ಒಂದು ಫೋಟೊದ ಕತೆಯನ್ನೇ ಹೇಳುತ್ತೇವೆ. ಕಡಲ ದಂಡೆಯಲ್ಲಿ ಸಾಲಾಗಿ ನಿಂತು ಹಗ್ಗ ಎಳೆಯುತ್ತಿರುವ ಗಂಡಸರ ಚಿತ್ರ ಅದು. ಹಿಂಬದಿಯಲ್ಲಿ ಇಂಗ್ಲಿಷಿನಲ್ಲಿ ಯಾರೋ "ಕಾರವಾರದ ಮೀನುಗಾರರು" ಎಂದು ಬರೆದಿದ್ದರು. ಓದಿಕೊಂಡವರೇ ಆದ ನಮ್ಮಲ್ಲೊಬ್ಬರು ಅದಕ್ಕೆ "ರಂಪಣಿ ಬಲೆ" ಎಂದು ಸೇರಿಸಿದರು, ನಾವೂ ಒಪ್ಪಿದೆವು. ಕಾರವಾರದಲ್ಲಿ ದಂಡೆಯಿಂದ ಎಳೆಯುವ ಬಲೆ ಎಂದರೆ ಮೊದಲು ಬಾಯಿಗೆ ಬರುವುದು ರಂಪಣಿಯೇ ತಾನೇ. ಬೈತಖೋಲದ ಕಡೆಯ ಒಬ್ಬ ಅಜ್ಜಿ ಆ ಚಿತ್ರವನ್ನು ಕೈಯಲ್ಲಿ ಹಿಡಿದು, ಕಣ್ಣಿನ ಹತ್ತಿರ ತಂದು, ಜನರನ್ನು ಬೆರಳಿನಿಂದ ಒಬ್ಬೊಬ್ಬರಾಗಿ ಎಣಿಸಿ, "ತಮಾ, ಇದು ರಂಪಣಿ ಅಲ್ಲ, ಏಂಡಿ. ರಂಪಣಿ ಎಳೀಲಿಕ್ಕೆ ಇಷ್ಟೇ ಜನ ಸಾಕಾ?" ಎಂದರು. ಚಿತ್ರದಲ್ಲಿ ಇದ್ದವರು ಹದಿನಾಲ್ಕು ಜನ. ರಂಪಣಿ ಬಹಳ ಉದ್ದದ ಬಲೆ. ದೋಣಿಯಲ್ಲಿ ಕೊಂಡೊಯ್ದು ಕಡಲಲ್ಲಿ ಅರ್ಧ ಚಂದ್ರದಂತೆ ಬಿಟ್ಟು, ಎರಡೂ ತುದಿಯನ್ನು ದಂಡೆಯಿಂದ ಎಳೆಯಲು ಕೇರಿಗೆ ಕೇರಿಯೇ ಇಳಿಯಬೇಕಿತ್ತು. ಏಂಡಿ ಅದೇ ರೀತಿಯ ಚಿಕ್ಕ ಬಲೆ. 1970ರ ದಶಕದ ಉತ್ತರಾರ್ಧದಲ್ಲಿ ಮೀನಿನ ಹಿಂಡನ್ನು ಕಡಲಲ್ಲೇ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಕುಗ್ಗಿತು, ಆದ್ದರಿಂದ ಚಿತ್ರದ ಬಲೆ ಯಾವುದು ಎಂಬುದು ಅದರ ಕಾಲವನ್ನು ಊಹಿಸುವಲ್ಲಿಯೂ ಮುಖ್ಯವಾಗುತ್ತದೆ.

ಗ್ರಂಥಪಾಲಕರಿಗೆ ವಿವರಣೆಯ ಕ್ರಮ ಗೊತ್ತಿರುತ್ತದೆ, ವಸ್ತು ಗೊತ್ತಿರುವುದು ಅದರೊಡನೆ ಬದುಕಿದವರಿಗೆ. ಯಕ್ಷಗಾನದ ಫೋಟೊಕ್ಕೆ ಹೊರಗಿನವರು "ಜಾನಪದ ನೃತ್ಯ" ಎಂದು ಬರೆದು ಮುಂದೆ ಹೋಗುತ್ತಾರೆ. ಬಡಗುತಿಟ್ಟನ್ನು ರಾತ್ರಿಯಿಡೀ ಕೂತು ನೋಡಿದವರು ಕೇದಗೆ ಮುಂದಲೆಯೋ, ಮುಂಡಾಸೋ, ಬಣ್ಣದ ವೇಷವೋ ಎಂಬುದನ್ನು ದೂರದಿಂದಲೇ ಹೇಳಿ, ಕೆಲವೊಮ್ಮೆ ನಿಂತ ಭಂಗಿಯಿಂದ ಕಲಾವಿದರ ಹೆಸರನ್ನೂ ಹೇಳಿಬಿಡುತ್ತಾರೆ.

ಬೇರೆ ಕಡೆ ಹೀಗೆ ಮಾಡಿದ್ದಾರೆಯೇ?

ಮಾಡಿದ್ದಾರೆ, ಮತ್ತು ಲೆಕ್ಕವನ್ನೂ ಇಟ್ಟಿದ್ದಾರೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2008ರ ಜನವರಿಯಲ್ಲಿ ತನ್ನ ಹಳೆಯ ಫೋಟೊಗಳನ್ನು ಫ್ಲಿಕರ್ ತಾಣದಲ್ಲಿ ಹಾಕಿ, ಗೊತ್ತಿದ್ದವರು ಹೇಳಿ ಎಂದಿತು. ಅದೇ ಅಕ್ಟೋಬರಿನ ಹೊತ್ತಿಗೆ 4,615 ಚಿತ್ರಗಳಿಗೆ 2,518 ಖಾತೆಗಳಿಂದ 67,176 ಟ್ಯಾಗುಗಳು ಬಂದಿದ್ದವು. ಅನುಚಿತವೆಂದು ತೆಗೆದುಹಾಕಬೇಕಾಗಿ ಬಂದದ್ದು 25ಕ್ಕಿಂತ ಕಡಿಮೆ. ಜನರನ್ನು ಬಿಟ್ಟುಕೊಂಡರೆ ಗಲೀಜು ಮಾಡುತ್ತಾರೆ ಎಂದು ಹೆದರುವವರಿಗೆ ನಾವು ತೋರಿಸುವುದು ಈ ಕೊನೆಯ ಅಂಕಿಯನ್ನು. ಆದರೆ ಇನ್ನೊಂದು ಅಂಕಿಯೂ ಇದೆ: ಬಂದ ಮಾಹಿತಿಯಿಂದ ಗ್ರಂಥಾಲಯದ ಮೂಲ ಸೂಚಿಯಲ್ಲಿ (ಕ್ಯಾಟಲಾಗಿನಲ್ಲಿ) ತಿದ್ದುಪಡಿಯಾದ ದಾಖಲೆಗಳು 500ಕ್ಕಿಂತ ಸ್ವಲ್ಪ ಹೆಚ್ಚು. ಟ್ಯಾಗ್ ಎಂದರೆ ಬಹುಮಟ್ಟಿಗೆ ಕಣ್ಣಿಗೆ ಕಂಡದ್ದಕ್ಕೆ ಹೆಸರಿಡುವುದು. "ಮರ", "ಹೆಂಗಸು", "ಮನೆ" ಎಂಬ ಟ್ಯಾಗುಗಳು ಹುಡುಕಾಟಕ್ಕೆ ನೆರವಾದರೂ ಹೊಸದೇನನ್ನೂ ತಿಳಿಸುವುದಿಲ್ಲ. ಸೂಚಿಯನ್ನು ತಿದ್ದುವಂತೆ ಮಾಡುವುದು "ಇದು ಇಂಥ ಬೀದಿ, ನಾನು ಅಲ್ಲಿದ್ದೆ" ಎಂಬ ಮಾತು. ನಾವು ಕಾಯುತ್ತಿರುವುದು ಇಂಥ ಮಾತಿಗೆ.

ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ 2008ರಿಂದಲೇ ಹಳೆಯ ಪತ್ರಿಕೆಗಳ ಯಂತ್ರ ಓದಿದ ಪಠ್ಯವನ್ನು ಓದುಗರೇ ತಿದ್ದಲು ಬಿಟ್ಟುಕೊಟ್ಟಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜು 2010ರಲ್ಲಿ ತತ್ತ್ವಜ್ಞಾನಿ ಜೆರೆಮಿ ಬೆಂಥಾಮನ ಕೈಬರಹವನ್ನು ಸಾರ್ವಜನಿಕರಿಂದ ನಕಲು ಮಾಡಿಸಲು ತೊಡಗಿತು. ಕನ್ನಡದಲ್ಲಿಯೂ ಇದಕ್ಕೆ ಮಾದರಿ ಇದೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಕನ್ನಡ ಪುಸ್ತಕಗಳ ಹೆಸರುಗಳು ರೋಮನ್ ಅಕ್ಷರದಲ್ಲಿ ದಾಖಲಾಗಿದ್ದವು. ಹಾಗೆ ಬರೆದಾಗ ಕಲ, ಕಾಲ, ಕಳ, ಕಲಾ, ಕಾಳ ಎಲ್ಲವೂ ಒಂದೇ ರೂಪಕ್ಕೆ ಬಂದು ನಿಲ್ಲುವುದರಿಂದ ಕನ್ನಡದಲ್ಲಿ ಹುಡುಕುವವನಿಗೆ ಪುಸ್ತಕವೇ ಇಲ್ಲದಂತಾಗಿತ್ತು. ಆ ಹೆಸರುಗಳನ್ನು ಕನ್ನಡ ಲಿಪಿಗೆ ತರುವ ಕೆಲಸವನ್ನು ಸಂಚಯ ಬಳಗವು "ಸಮೂಹ ಸಂಚಯ" ಎಂಬ ಹೆಸರಿನಲ್ಲಿ ಜನರ ಮುಂದಿಟ್ಟು ಮಾಡಿಸಿತು.

ಉತ್ತರ ಕನ್ನಡದ ದಾಖಲೆಗಳಲ್ಲಿ ಅಂಥ ವಿಶೇಷ ತೊಡಕು ಏನಿದೆ?

ಜಿಲ್ಲೆ ಕೈ ಬದಲಾಯಿಸಿದ್ದು ಮೊದಲ ತೊಡಕು. 1799ರ ನಂತರ ಕಂಪನಿಯ ಆಳ್ವಿಕೆಯಲ್ಲಿ ಮದ್ರಾಸಿಗೆ ಸೇರಿತ್ತು, 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. ಹೀಗಾಗಿ ಒಂದೇ ಊರಿನ ಕಂದಾಯದ ಕತೆ ಚೆನ್ನೈ, ಮುಂಬಯಿ, ಬೆಂಗಳೂರು ಎಂದು ಮೂರು ಕಡೆ ಹಂಚಿಹೋಗಿದೆ. ಮೂರೂ ಕಡೆಯ ಸೂಚಿಕಾರರು ಜಿಲ್ಲೆಯನ್ನು ನೋಡಿದ್ದು ದೂರದಿಂದ.

ಎರಡನೆಯದು ಲಿಪಿ. ಘಟ್ಟದ ಮೇಲಿನ ಹವ್ಯಕ ಮನೆಗಳ ಓಲೆಗರಿಯಲ್ಲಿ ತಿಗಳಾರಿ, ಸೋದೆಯ ಕಡೆ ನಂದಿನಾಗರಿ, ಮುಂಬಯಿ ಕಾಲದ ಕಾಗದಗಳಲ್ಲಿ ಮೋಡಿ, ಕೊಂಕಣಿಗೆ ನಾಗರಿಯೂ ಕನ್ನಡವೂ, ಭಟ್ಕಳದ ನವಾಯತಿಗೆ ಅರಬ್ಬಿ ಮೂಲದ ಲಿಪಿ. ಇಷ್ಟನ್ನೂ ಓದಬಲ್ಲ ಒಬ್ಬ ವ್ಯಕ್ತಿ ಎಲ್ಲಿಯೂ ಸಿಗುವುದಿಲ್ಲ, ಆದರೆ ಒಂದೊಂದನ್ನು ಓದುವವರು ಒಂದೊಂದು ಮನೆಯಲ್ಲಿ ಇನ್ನೂ ಇದ್ದಾರೆ.

ಮೂರನೆಯದು ನಮ್ಮನ್ನು ಹೆಚ್ಚು ಕಾಡುವಂಥದ್ದು. ಈ ಜಿಲ್ಲೆಯ ಕೆಲವು ಊರುಗಳು ಈಗ ಇಲ್ಲ. ಕಾಳಿಗೆ ಕಟ್ಟಿದ ಅಣೆಕಟ್ಟಿನಲ್ಲಿ ಹಳೆಯ ಸೂಪಾ ಪಟ್ಟಣ ಮುಳುಗಿತು, ತಾಲೂಕಿನ ಕಚೇರಿ ಜೋಯಿಡಾಕ್ಕೆ ಹೋಯಿತು, ಜನ ರಾಮನಗರ ಮುಂತಾದ ಕಡೆ ನೆಲೆಯಾದರು. ಸೀಬರ್ಡ್ ನೌಕಾನೆಲೆಗಾಗಿ ಕಾರವಾರದಿಂದ ಅಂಕೋಲೆಯವರೆಗಿನ ಕಡಲಂಚಿನ ಹಲವು ಹಳ್ಳಿಗಳು ಎದ್ದುಹೋದವು. ಸೂಪಾದ ಪೇಟೆಬೀದಿಯ ಫೋಟೊ ಸಿಕ್ಕಿದರೆ ಅದನ್ನು ಹಿಡಿದುಕೊಂಡು ಆ ಬೀದಿಗೆ ಹೋಗಿ ತಾಳೆ ನೋಡಲು ಸಾಧ್ಯವಿಲ್ಲ. ಮೂಲೆಯ ಅಂಗಡಿ ಯಾರದ್ದು ಎಂದು ಹೇಳಬಲ್ಲವರು ಈಗ ಎಪ್ಪತ್ತು ದಾಟಿದವರು, ಮತ್ತು ಅವರು ಬೇರೆ ಊರಿನಲ್ಲಿದ್ದಾರೆ. ನಮ್ಮ ಕೆಲಸದಲ್ಲಿ ಅವಸರ ಎಂಬುದು ಇದ್ದರೆ ಅದು ಇಲ್ಲಿ ಮಾತ್ರ.

ಊರಿನ ಹೆಸರನ್ನು ಯಾವ ರೂಪದಲ್ಲಿ ಬರೆಯಬೇಕು?

ಮೂರು ರೂಪಗಳನ್ನೂ ಬರೆಯಿರಿ: ಕಾಗದದಲ್ಲಿ ಹೇಗಿದೆಯೋ ಹಾಗೆ, ಈಗ ಸರಕಾರಿ ದಾಖಲೆಯಲ್ಲಿ ಹೇಗಿದೆಯೋ ಹಾಗೆ, ಊರವರು ಬಾಯಲ್ಲಿ ಹೇಗೆ ಅನ್ನುತ್ತಾರೋ ಹಾಗೆ. ಸೋಂದಾ, ಸೋದೆ, ಸ್ವಾದಿ, ಸುಧಾಪುರ ನಾಲ್ಕೂ ಒಂದೇ ಊರು. ಹೊನ್ನಾವರವು ಹಳೆಯ ಯುರೋಪಿಯನ್ ಬರಹಗಳಲ್ಲಿ "ಓನೋರ್" ಆಗಿದೆ. ನಿಮ್ಮ ಕಣ್ಣಿಗೆ ತಪ್ಪೆಂದು ಕಂಡ ಕಾಗುಣಿತವನ್ನು ದಯವಿಟ್ಟು ಅಳಿಸಬೇಡಿ, ಅದೇ ಕಾಗುಣಿತ ಹಾಕಿ ಹುಡುಕುವವರು ಇರುತ್ತಾರೆ. "ಹೆಗಡೆ" ಎಂದು ಕಂಡಲ್ಲಿ ಅದು ಕುಮಟಾ ತಾಲೂಕಿನ ಊರೋ ಮನೆತನದ ಹೆಸರೋ ಎಂಬುದನ್ನು ತಪ್ಪದೆ ತಿಳಿಸಿ. ಯಂತ್ರವಂತೂ ಇದರಲ್ಲಿ ಪ್ರತಿ ಸಲ ಎಡವುತ್ತದೆ.

ನೆಲದ ಹೆಸರುಗಳಿಗೂ ಇದೇ ಕ್ರಮ. ಅಘನಾಶಿನಿಯ ಅಳಿವೆಯ ಒಂದು ಚಿತ್ರಕ್ಕೆ "ನೆರೆ ಬಂದ ಗದ್ದೆ" ಎಂದು ಬರೆದಿತ್ತು. ಅದು ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವ ಅಳಿವೆಯ ಗದ್ದೆ, ಅಂದರೆ ಗಜನಿ; ಅಲ್ಲಿ ಉಪ್ಪುನೀರು ಬರುವುದು ನೆರೆಯಲ್ಲ, ಭರತ, ಅಂದರೆ ಕಡಲಿನ ಉಬ್ಬರ. ಹಾಗೆಯೇ ಅಡಿಕೆ ತೋಟಕ್ಕೆ ಹೊಂದಿದ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟವನ್ನು "ಕಾಡು" ಎಂದು ಬರೆದರೆ ಆ ನೆಲದ ಮೇಲೆ ತೋಟದವರಿಗೆ ಇದ್ದ ಹಕ್ಕಿನ ಇತಿಹಾಸವೇ ಸೂಚಿಯಿಂದ ಮಾಯವಾಗುತ್ತದೆ.

ಇಸವಿ ಖಚಿತವಾಗಿ ಗೊತ್ತಿಲ್ಲದಿದ್ದರೆ ಏನು ಬರೆಯಲಿ?

ಇಸವಿಯನ್ನು ಊಹಿಸಬೇಡಿ, ಗುರುತನ್ನು ಬರೆಯಿರಿ. ಕಾಗದದ ಮೇಲೆ ಆರು ಅಂಕಿಯ ಪಿನ್ ಕೋಡ್ ಇದ್ದರೆ, ಉದಾಹರಣೆಗೆ ಕಾರವಾರದ 581301, ಅದು 1972ರ ಆಗಸ್ಟ್ 15ರ ನಂತರದ್ದು. ರಸೀದಿಯಲ್ಲಿ ಆಣೆ ಲೆಕ್ಕವಿದ್ದರೆ ಬಹುಶಃ 1957ರ ಏಪ್ರಿಲಿಗಿಂತ ಹಿಂದಿನದು. ಬಹುಶಃ ಎಂದದ್ದೇಕೆಂದರೆ ಹಳಬರು ಆಣೆಯನ್ನು ಅಷ್ಟು ಸುಲಭವಾಗಿ ಬಿಡಲಿಲ್ಲ. "ಮೈಸೂರು ರಾಜ್ಯ" ಎಂದು ಅಚ್ಚಾಗಿದ್ದರೆ ನಮ್ಮ ಜಿಲ್ಲೆಯ ಮಟ್ಟಿಗೆ 1956 ಮತ್ತು 1973ರ ನಡುವಿನದು, ಅಚ್ಚಾದ ಹಾಳೆ ಮುಗಿಯುವವರೆಗೆ ಬಳಸಿದ್ದರೆ ಇನ್ನೂ ಒಂದೆರಡು ವರ್ಷ ಈಚಿನದು. ವಾಹನದ ಮೇಲೆ ಕೆಎ 30 ಅಥವಾ ಕೆಎ 31 ಕಂಡರೆ 1989ಕ್ಕಿಂತ ಹಿಂದೆ ಹೋಗಬೇಡಿ.

ಕೋಡಿಬಾಗದ ದಂಡೆಯಿಂದ ತೆಗೆದ ಒಂದು ಚಿತ್ರದಲ್ಲಿ ಕಾಳಿ ನದಿ, ಎದುರಿಗೆ ಸದಾಶಿವಗಡದ ಗುಡ್ಡ, ನಡುವೆ ಜನ ತುಂಬಿದ ಲಾಂಚು ಕಾಣುತ್ತವೆ. ಸೇತುವೆ ಕಾಣುವುದಿಲ್ಲ. 1980ರ ದಶಕದ ಆರಂಭದಲ್ಲಿ ಹೆದ್ದಾರಿಯ ಸೇತುವೆ ಆದ ಮೇಲೆ ಆ ದಾಟು ನಿಂತಿತು; ಆ ಸೇತುವೆಯೇ 2024ರ ಆಗಸ್ಟ್ 7ರಂದು ಕುಸಿದು ಬಿತ್ತು. ಚಿತ್ರ ಸೇತುವೆಗಿಂತ ಹಿಂದಿನದು ಎಂದು ಎಲ್ಲರೂ ಹೇಳಿದರು. ಒಬ್ಬರು ಮಾತ್ರ, ಕ್ಯಾಮೆರಾ ಯಾವ ಕಡೆ ತಿರುಗಿತ್ತು ಎಂದು ಕೇಳಿದರು. ಸೇತುವೆ ಚೌಕಟ್ಟಿನ ಹೊರಗೆ ಉಳಿದಿರಬಹುದಲ್ಲ! ಈಗ ಆ ಚಿತ್ರದ ವಿವರದಲ್ಲಿ "ಸೇತುವೆ ಕಾಣುವುದಿಲ್ಲ, ಲಾಂಚಿನಲ್ಲಿ ಪ್ರಯಾಣಿಕರಿದ್ದಾರೆ, ಆದ್ದರಿಂದ 1980ರ ದಶಕಕ್ಕಿಂತ ಹಿಂದಿನದಿರಬಹುದು" ಎಂದಿದೆ. ಕಾರಣ ಬರೆದಿಟ್ಟರೆ ಮುಂದಿನವರು ತೂಗಿ ನೋಡಬಹುದು, ಬರೀ ಇಸವಿ ಇದ್ದರೆ ನಂಬುವುದು ಅಥವಾ ಬಿಡುವುದು ಮಾತ್ರ ಸಾಧ್ಯ.

ಪತ್ರದಲ್ಲಿ ಸಂವತ್ಸರದ ಹೆಸರು ಮಾತ್ರ ಇದ್ದರೆ ಅರವತ್ತು ವರ್ಷದ ಚಕ್ರವನ್ನು ನೆನಪಿಡಿ: ರುಧಿರೋದ್ಗಾರಿ ಎಂದರೆ 1923–24 ಆಗಬಹುದು, 1983–84 ಕೂಡ ಆಗಬಹುದು. ಶಾಲಿವಾಹನ ಶಕೆ ಇದ್ದರೆ 78 ಕೂಡಿಸಿ. ಯುಗಾದಿಗಿಂತ ಮುಂಚಿನ ಜನವರಿ–ಮಾರ್ಚ್ ತಿಂಗಳಾದರೆ 79.

ನಾನು ಹೇಳಿದ್ದು ತಪ್ಪಾದರೆ? ಇಬ್ಬರು ಬೇರೆ ಬೇರೆ ಹೇಳಿದರೆ?

ಅದಕ್ಕಾಗಿಯೇ ನಾವು ಯಾವ ಮಾತನ್ನೂ ಹೇಳಿದವರಿಂದ ಬೇರ್ಪಡಿಸುವುದಿಲ್ಲ. ನಿಮ್ಮ ಮಾತನ್ನು ಬರೆದಿಡುವ ಚೀಟಿಯಲ್ಲಿ ಮೂರು ಸಂಗತಿ ಇರಬೇಕು: ನೀವು ಹೇಳುವುದೇನು, ಅದು ನಿಮಗೆ ಹೇಗೆ ಗೊತ್ತು, ಎಷ್ಟು ಖಚಿತ. "ಕಣ್ಣಾರೆ ಕಂಡದ್ದು", "ಅಪ್ಪ ಹೇಳುತ್ತಿದ್ದರು", "ಮುಖ ನೋಡಿ ಅಂದಾಜು" ಎಂಬ ಮೂರೂ ನಮಗೆ ಬೇಕು. ಬೇಡವಾದದ್ದು ಮೂರನೆಯದನ್ನು ಮೊದಲನೆಯದರ ಹಾಗೆ ಹೇಳುವುದು. ಇಬ್ಬರ ಮಾತು ಹೊಂದದಿದ್ದರೆ ಎರಡನ್ನೂ ಇಡುತ್ತೇವೆ. 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹದ್ದು ಎನ್ನಲಾದ ಯಾವುದೇ ಗುಂಪು ಚಿತ್ರವನ್ನು ಹತ್ತು ಮನೆಗೆ ತೋರಿಸಿದರೆ ಹತ್ತು ಮನೆಯವರಿಗೂ ಅದರಲ್ಲಿ ತಮ್ಮ ಹಿರಿಯರು ಕಾಣುತ್ತಾರೆ. ಅಭಿಮಾನ ತಪ್ಪಲ್ಲ, ಆದರೆ ಚೌಕಟ್ಟಿನಲ್ಲಿ ಇರುವವರೇ ಐದು ಜನ.

ಗ್ರಂಥಾಲಯದ ಮೂಲ ನಮೂದನ್ನು ನಿಮ್ಮ ಚೀಟಿ ನೇರವಾಗಿ ಬದಲಿಸುವುದಿಲ್ಲ. ಅದು ಪಕ್ಕದಲ್ಲಿ ಕೂರುತ್ತದೆ, ಇನ್ನೊಂದು ಸ್ವತಂತ್ರ ಮಾತೋ ಕಾಗದವೋ ಅದನ್ನು ಒಪ್ಪಿದಾಗ ಒಳಗೆ ಹೋಗುತ್ತದೆ, ಹಳೆಯ ನಮೂದೂ ದಿನಾಂಕದೊಂದಿಗೆ ಉಳಿಯುತ್ತದೆ.

ನನಗೆ ಕಂಪ್ಯೂಟರ್ ಬರುವುದಿಲ್ಲ.

ಬೇಕಾಗಿಲ್ಲ. ನೀವು ಮಾತನಾಡಿ, ಜೊತೆಗೆ ಕೂತವರು ಬರೆದುಕೊಳ್ಳುತ್ತಾರೆ. ಕೊಂಕಣಿಯಲ್ಲಿ ಹೇಳಿದರೆ ಕೊಂಕಣಿಯಲ್ಲೇ ಬರೆದು ನಂತರ ಕನ್ನಡಿಸುತ್ತೇವೆ.

ಈಗ ಯಂತ್ರವೇ ಎಲ್ಲವನ್ನೂ ಓದುತ್ತದೆಯಂತಲ್ಲ?

ಶುಭ್ರವಾಗಿ ಅಚ್ಚಾದ ಇತ್ತೀಚಿನ ಪುಸ್ತಕವನ್ನು ಓದುತ್ತದೆ. ಸವೆದ ಮೊಳೆಯಿಂದ ಅಚ್ಚಾದ ಹಳೆಯ ವಾರಪತ್ರಿಕೆಯಲ್ಲಿ ಒತ್ತಕ್ಷರ ಮೇಲಿನ ಸಾಲಿನದೋ ಕೆಳಗಿನದೋ ಎಂದು ತಿಳಿಯದೆ ತಡವರಿಸುತ್ತದೆ, ಅರ್ಕಾವತ್ತನ್ನು ಅಂಕಿ ಒಂಬತ್ತೆಂದು ತಿಳಿಯುತ್ತದೆ. ಆದ್ದರಿಂದ ಯಂತ್ರ ಮೊದಲು ಓದಲಿ, ಮನುಷ್ಯರು ತಿದ್ದಲಿ ಎಂಬುದು ನಮ್ಮ ನಿಲುವು. ಹಳೆಯ ಪುಸ್ತಕಗಳ ಪಠ್ಯವನ್ನು ಜನರೇ ತಿದ್ದಿ ಇಡುವ ತಾಣವಾದ ಕನ್ನಡ ವಿಕಿಸೋರ್ಸಿನಲ್ಲಿ ಈ ಕ್ರಮ ಚೆನ್ನಾಗಿದೆ: ಒಬ್ಬರು ತಿದ್ದಿದ ಪುಟ ಹಳದಿಯಾಗುತ್ತದೆ, ಇನ್ನೊಬ್ಬರು ಮತ್ತೆ ನೋಡಿದ ಮೇಲೆಯೇ ಹಸಿರಾಗುತ್ತದೆ, ಒಬ್ಬರೇ ಎರಡೂ ಮಾಡುವಂತಿಲ್ಲ. ನಮ್ಮ ಚೀಟಿಗಳ ಕ್ರಮವನ್ನು ಅಲ್ಲಿಂದಲೇ ಕಲಿತೆವು.

ಹಳೆಯ ವಿವರಣೆಗಳಲ್ಲಿ ಜನಾಂಗವನ್ನು ಹೀಯಾಳಿಸುವ ಪದಗಳಿವೆ. ಅವನ್ನು ತೆಗೆದುಹಾಕುತ್ತೀರಾ?

ಮೂಲ ಕಾಗದದ ಅಕ್ಷರವನ್ನು ನಾವು ಮುಟ್ಟುವುದಿಲ್ಲ. ಬರೆದವರು ಹಾಗೆ ಬರೆದರು ಎಂಬುದೂ ಇತಿಹಾಸವೇ. ಆದರೆ ನಮ್ಮ ಸೂಚಿ ಅದೇ ಪದವನ್ನು ತನ್ನ ಮಾತಾಗಿ ಆಡಬೇಕಾಗಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯವನ್ನು ಹಳೆಯ ಬರಹಗಳು ಬಣ್ಣ, ಕೂದಲುಗಳಿಂದ ಗುರುತಿಸಿದಲ್ಲಿ, ಆ ಮಾತನ್ನು ಮೂಲದ ಉಲ್ಲೇಖವೆಂದು ಬೇರೆಯಾಗಿಟ್ಟು, ವಿವರಣೆಯಲ್ಲಿ ಸಮುದಾಯದವರು ತಮ್ಮನ್ನು ಕರೆದುಕೊಳ್ಳುವ ಹೆಸರನ್ನು ಬಳಸುತ್ತೇವೆ.

ಇದಕ್ಕಿಂತ ಸದ್ದಿಲ್ಲದ ಅವಮಾನ ಇನ್ನೊಂದಿದೆ. ಹಾಲಕ್ಕಿ ಸಮುದಾಯದ ಹೆಂಗಸರ ಕೊರಳಿನ ಮಣಿಸರದ ಫೋಟೊಗಳು ನೂರಾರು ಇವೆ. ಬಹಳಷ್ಟಕ್ಕೆ "ಹಾಲಕ್ಕಿ ಮಹಿಳೆ" ಎಂಬಷ್ಟೇ ಅಡಿಬರಹ. ಪಕ್ಕದಲ್ಲಿ ನಿಂತ ಸಾಹೇಬರಿಗೆ ಮಾತ್ರ ಹೆಸರು, ಹುದ್ದೆ ಎರಡೂ ಇರುತ್ತವೆ. ಫೋಟೊವನ್ನು ಅವರ ಕೊಪ್ಪಕ್ಕೆ, ಅಂದರೆ ಕೇರಿಗೆ, ಒಯ್ದು ತೋರಿಸಿದರೆ ಹೆಸರು ಸಿಗುವುದುಂಟು. ಸಿಕ್ಕ ಹೆಸರನ್ನು ಮನೆಯವರ ಒಪ್ಪಿಗೆ ಪಡೆದೇ ಹಾಕುತ್ತೇವೆ.

ಎಲ್ಲವನ್ನೂ ಎಲ್ಲರಿಗೂ ತೋರಿಸುವುದು ಸರಿಯೇ?

ಸರಿಯಲ್ಲ. ಅಂಕೋಲಾ, ಸಿದ್ದಾಪುರಗಳ ಕರನಿರಾಕರಣೆ ಚಳವಳಿಯ ಕಾಲದ ಕಾಗದಗಳಲ್ಲಿ ಜಮೀನು ಕಳೆದುಕೊಂಡವರ ಹೆಸರಿನ ಜೊತೆಗೆ ಹರಾಜಿನಲ್ಲಿ ಕೊಂಡವರ ಹೆಸರು, ಸುದ್ದಿ ಮುಟ್ಟಿಸಿದವರ ಹೆಸರು ಇರುವುದುಂಟು, ಮತ್ತು ಆ ಮನೆಗಳವರು ಇಂದಿಗೂ ಅಕ್ಕಪಕ್ಕದಲ್ಲೇ ಇರುತ್ತಾರೆ. ಅಂಥ ಕಾಗದವನ್ನು ಸಾರ್ವಜನಿಕ ಬೈಠಕ್ಕಿನಲ್ಲಿ ಹರಡುವುದಿಲ್ಲ, ಆಸಕ್ತ ಸಂಶೋಧಕರಿಗೆ ಕೇಳಿದಾಗ ತೋರಿಸುತ್ತೇವೆ. ಆಸ್ಪತ್ರೆ, ದತ್ತು, ಬದುಕಿರುವವರ ವ್ಯಾಜ್ಯಗಳಿಗೆ ಸಂಬಂಧಿಸಿದವು ಸಂಪೂರ್ಣ ಮುಚ್ಚಿರುತ್ತವೆ.

ಹಕ್ಕುಸ್ವಾಮ್ಯದ ತೊಂದರೆ ಬರುವುದಿಲ್ಲವೇ?

1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಬರಹದ ಹಕ್ಕು ಲೇಖಕರ ಜೀವಮಾನ ಮತ್ತು ಅನಂತರ 60 ವರ್ಷ. ಫೋಟೊದ್ದು ಹಿಂದೆ ಪ್ರಕಟವಾದ ಮೇಲೆ 60 ವರ್ಷ ಇತ್ತು, 2012ರ ತಿದ್ದುಪಡಿಯ ನಂತರ ಅದಕ್ಕೂ ಫೋಟೊ ತೆಗೆದವರ ಜೀವಮಾನ ಮತ್ತು ಅನಂತರ 60 ವರ್ಷ. ಹಳೆಯ ಫೋಟೊದ ಪ್ರತಿ ನಿಮ್ಮ ಮನೆಯಲ್ಲಿದೆ ಎಂದ ಮಾತ್ರಕ್ಕೆ ಅದರ ಹಕ್ಕು ನಿಮ್ಮದಾಗುವುದಿಲ್ಲ, ನಮಗೆ ಕೊಟ್ಟ ಮಾತ್ರಕ್ಕೆ ನಮ್ಮದೂ ಆಗುವುದಿಲ್ಲ. ವಿವರ ಬರೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲ, ಚಿತ್ರವನ್ನು ಅಂತರಜಾಲದಲ್ಲಿ ಹಾಕುವಾಗ ಮಾತ್ರ ಇದನ್ನು ನೋಡುತ್ತೇವೆ.

ಮನೆಯಲ್ಲಿ ಹಳೆಯ ಆಲ್ಬಮ್ ಇದೆ. ತರುವ ಮುಂಚೆ ಏನು ಮಾಡಲಿ?

ಏನೂ ಮಾಡಬೇಡಿ. ಇದು ಗಡಸಾಗಿ ಕೇಳಿಸಬಹುದು, ಆದರೆ ಅನುಭವದಿಂದ ಹೇಳುತ್ತಿದ್ದೇವೆ. ನಮ್ಮಲ್ಲೊಬ್ಬರು ಹಿಂದೆ ಕೆಲಸ ಮಾಡುತ್ತಿದ್ದ ಕಚೇರಿಯೊಂದಕ್ಕೆ ಒಂದು ಮನೆತನದ ಆಲ್ಬಮ್ ಬಂದಿತ್ತು. ಸ್ಕ್ಯಾನ್ ಮಾಡಲು ಅನುಕೂಲವೆಂದು ಎಲ್ಲ ಫೋಟೊಗಳನ್ನೂ ಬಿಡಿಸಿ, ಅಳತೆಗೆ ತಕ್ಕಂತೆ ದೊಡ್ಡವು ಚಿಕ್ಕವು ಎಂದು ಲಕೋಟೆಗೆ ಹಾಕಿದರು. ಪ್ರತಿ ಪುಟದಲ್ಲಿ ಬಿಳಿ ಶಾಯಿಯಿಂದ ಬರೆದ ಹೆಸರುಗಳು ಉಳಿದವು, ಯಾವ ಹೆಸರಿನ ಮೇಲೆ ಯಾವ ಫೋಟೊ ಇತ್ತು ಎಂಬುದು ಹೋಯಿತು. ಮದುವೆಯ ಪುಟದ ನಂತರ ತೊಟ್ಟಿಲ ಪುಟ ಬರುತ್ತದೆ ಎಂಬ ಕ್ರಮದಿಂದಲೇ ಎಷ್ಟೋ ಗುರುತುಗಳು ಸಿಗುತ್ತಿದ್ದವು, ಅದೂ ಹೋಯಿತು.

ಫೋಟೊವನ್ನು ಅಂಟಿನಿಂದ ಬಿಡಿಸಬೇಡಿ, ಹರಿದದ್ದಕ್ಕೆ ಸೆಲೋಟೇಪ್ ಹಚ್ಚಬೇಡಿ, ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಬರೆಯಬೇಡಿ. ಮೊಬೈಲಿನಲ್ಲಿ ಕಳಿಸುವುದಾದರೆ ಹಿಂಬದಿಯ ಚಿತ್ರವನ್ನೂ ಕಳಿಸಿ. ಸ್ಟುಡಿಯೊದ ಮುದ್ರೆ, ಹಳೆಯ ನಂಬರು, ಯಾರೋ ಗೀಚಿದ ಲೆಕ್ಕ ಎಲ್ಲವೂ ಉಪಯೋಗಕ್ಕೆ ಬರುತ್ತವೆ. ಸ್ಕ್ಯಾನ್ ಆದ ಮೇಲೆ ಆಲ್ಬಮ್ ನಿಮ್ಮ ಮನೆಗೆ ಮರಳುತ್ತದೆ.

ಸಂಭಾವನೆ ಇದೆಯೇ? ನನ್ನ ಹೆಸರು ಹಾಕುತ್ತೀರಾ?

ಸಂಭಾವನೆ ಇಲ್ಲ, ಚಹಾ ಇದೆ. ಹೆಸರನ್ನು ನೀವು ಬೇಡವೆನ್ನದ ಹೊರತು ವಿವರದ ಕೆಳಗೆ ಹಾಕುತ್ತೇವೆ.

ಹೇಳಿದ ಮಾತು ಸೂಚಿಗೆ ಸೇರಲು ಎಷ್ಟು ದಿನ ಬೇಕು?

ಚೀಟಿ ಅದೇ ವಾರ ಪಕ್ಕದ ಅಂಕಣಕ್ಕೆ ಸೇರುತ್ತದೆ. ಮೂಲ ನಮೂದು ಬದಲಾಗಲು ಎರಡನೆಯ ಸಾಕ್ಷಿ ಸಿಗುವವರೆಗೆ ಕಾಯಬೇಕು, ಅದು ನಾಳೆಯೂ ಸಿಗಬಹುದು, ಎರಡು ವರ್ಷವೂ ಆಗಬಹುದು. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿಯಲ್ಲಿ ಪಸೆ ಹೆಚ್ಚಿರುವುದರಿಂದ ಹಳೆಯ ಪೆಟ್ಟಿಗೆಗಳನ್ನು ಬಿಚ್ಚುವುದಿಲ್ಲ. ಆ ಮೂರು ತಿಂಗಳು ಸ್ಕ್ಯಾನ್ ಆದ ಚಿತ್ರಗಳನ್ನಷ್ಟೇ ಇಟ್ಟುಕೊಂಡು ಕೂರುತ್ತೇವೆ. ಸೂಪಾದವರ ಸರದಿಯನ್ನು ಮಾತ್ರ ಮಳೆಗಾಲದಲ್ಲಿಯೂ ನಿಲ್ಲಿಸುವುದಿಲ್ಲ, ನಡೆಯಲಾಗದವರಿದ್ದರೆ ತಿಳಿಸಿ, ಚಿತ್ರಗಳನ್ನು ಮನೆಗೇ ತರುತ್ತೇವೆ.